ಬೋಣಿಗೆ ಮುಂಚೆ ಬಂದ ಅರ್ಥಶಾಸ್ತ್ರ

ಅರ್ಥಶಾಸ್ತ್ರದವರ ಜೊತೆ ಕೆಲಸಕ್ಕೆ ಸೇರಿ ನೋಡಿ, ಅರ್ಥ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಆಗುತ್ತಲೇ ಇರುತ್ತದೆ. ನಮ್ಮ ಪ್ರೊಫೆಸರರು ಮೈಸೂರಿನವರು, ಈಗ ಪರದೇಶದಲ್ಲಿ ಪಾಠ ಹೇಳುತ್ತಾರೆ. ಬಡ ದೇಶಗಳ ಸಣ್ಣ ಅಂಗಡಿಗಳು ಯಾಕೆ ಸಣ್ಣದಾಗಿಯೇ ಉಳಿಯುತ್ತವೆ ಅನ್ನೋದು ಅವರ ಸಂಶೋಧನೆ. ಅದಕ್ಕೇ ಚೆನ್ನೈಗೆ ಬಂದಿಳಿದರು. ನಾನು ಪುರಸೈವಾಕ್ಕಂನಲ್ಲೇ ಹುಟ್ಟಿ ಬೆಳೆದ ಕನ್ನಡದವಳು; ಅಂಗಡಿ ಅಂಗಡಿ ಸುತ್ತಿ ಪ್ರಶ್ನೆ ಕೇಳೋ ಕೆಲಸ ನನ್ನದು.

ಬೋಣಿ

ಬೆಳಿಗ್ಗೆ ಅಂಗಡಿಗಳು ಖಾಲಿ ಇರುತ್ತವೆ, ಆಗಲೇ ಹೋಗಿ ಅಂತ ಪ್ರೊಫೆಸರರ ಅಪ್ಪಣೆ. ಹೋದೆ. ಪುರಸೈವಾಕ್ಕಂನ ಪಾತ್ರೆ ಅಂಗಡಿಯವರು ಕೈ ಅಡ್ಡ ಹಿಡಿದರು. "ಇನ್ನೂ ಬೋಣಿ ಆಗಿಲ್ಲಮ್ಮಾ. ಮೊದಲ ವ್ಯಾಪಾರ ಆಗೋ ಮುಂಚೆ ಬರೀ ಮಾತಾಡಿದ್ರೆ ಇಡೀ ದಿನ ಬರೀ ಮಾತೇ ಆಗುತ್ತೆ!"

ಸರಿ, ಒಂದು ಸೌಟು ಕೊಂಡೆ, ಆಮೇಲೆ ಬಾಯಿ ಬಿಟ್ಟರು. ಪಕ್ಕದಂಗಡಿಯಲ್ಲಿ ಟವೆಲು, ಆಚೆ ಪ್ಲಾಸ್ಟಿಕ್ ಮಗ್ಗು, ಮೂಲೆಯಲ್ಲಿ ನೈಟಿ. ದಿನಾ ಇದೇ ಕಥೆ. "ನೀನು ಸರ್ವೆಗೆ ಹೋಗ್ತೀಯೋ ಸಂತೆಗೆ ಹೋಗ್ತೀಯೋ?" ಅಂತ ನಮ್ಮತ್ತೆ ಶುರು ಮಾಡಿದರು.

ಒಂದು ದಿನ ಪ್ರೊಫೆಸರರು ಫೋನಿನಲ್ಲೇ ಕುಣಿದರು. "ನಾವು ಬರೀ ಪ್ರಶ್ನೆ ಕೇಳಿದ್ದಕ್ಕೇ ಬೆಳಗಿನ ವ್ಯಾಪಾರ ಏರಿಬಿಟ್ಟಿದೆ ಕಣಮ್ಮಾ! ಈ ಏರಿಕೆಯ ಗುಟ್ಟು ಎಲ್ಲಿದೆ ಅಂತ ಪತ್ತೆ ಹಚ್ಚಬೇಕು."

"ನಮ್ಮ ಮನೆ ಅಟ್ಟದ ಮೇಲಿದೆ ಸಾರ್, ಬಂದು ನೋಡಿ" ಅಂದೆ.

ಸಂಸಾರ

ತಮಿಳೇನು ಮಹಾ, ಕನ್ನಡಕ್ಕೇ ಒಂದು ಬಾಲ ಹಚ್ಚಿದರಾಯ್ತು ಅನ್ನೋದು ಪ್ರೊಫೆಸರರ ನಂಬಿಕೆ. ಎಣ್ಣೂರಿನಲ್ಲಿ ಒಣಮೀನು ಮಾರೋ ಗಂಡಹೆಂಡಿರ ಮುಂದೆ ತಾವೇ ಹೋಗಿ ಕೂತರು. ಸಂಸಾರದಲ್ಲಿ ಎಷ್ಟು ಜನ ಅಂತ ಕೇಳಬೇಕಿತ್ತು. "ಉಂಗಳುಕ್ಕು ಎತ್ತನೆ ಸಂಸಾರಂ?" ಅಂದುಬಿಟ್ಟರು. ಅಯ್ಯೋ ಶಿವನೇ! ತಮಿಳಿನಲ್ಲಿ ಸಂಸಾರ ಅಂದರೆ ಹೆಂಡತಿ. ನಿನಗೆಷ್ಟು ಜನ ಹೆಂಡಿರು ಅಂತ ಕೇಳಿದ ಹಾಗಾಯ್ತು.

ಆತ ಗಿರಾಕಿಗೆ ಮೀನು ತೂಗುತ್ತಿದ್ದ. ತಕ್ಕಡಿ ನೋಡುತ್ತಾ ಒಂದು ಗಳಿಗೆ ತಡೆದು, "ಒಂದೇ ಸಾರ್" ಅಂದ.

"ಯೋಚನೆ ಮಾಡಿ ಹೇಳೋ ಲೆಕ್ಕವೇನ್ರೀ ಅದು?" ಹೆಂಡತಿ ಎದ್ದು ನಿಂತಳು. ನಾನು ಬಿಡಿಸಿ ಹೇಳೋಕೆ ಹೋದರೆ ನನಗೇ ಬಿತ್ತು. "ನೀ ಸುಮ್ನಿರಮ್ಮಾ! ವಿಮಾನ ಹತ್ತಿ ಬಂದು ಕೇಳ್ತಿದ್ದಾರೆ ಅಂದ್ರೆ, ಸುದ್ದಿ ಪರದೇಶದವರೆಗೂ ಹೋಗಿದೆ!"

ಟ್ರೀಟ್‌ಮೆಂಟ್

ಮಾಧವರಂ ಬಸ್ ನಿಲ್ದಾಣದ ಹತ್ತಿರ ಇಡ್ಲಿ ಅಂಗಡಿ ಅಕ್ಕ, ಎದುರುಗಡೆ ಟೀ ಅಂಗಡಿ ಅಣ್ಣ. ಅಂಗಡಿಗೆ ಹೊಸ ಬೋರ್ಡು ಹಾಕಿದರೆ ವ್ಯಾಪಾರ ಏರುತ್ತದಾ ಅಂತ ಪ್ರೊಫೆಸರರ ಪರೀಕ್ಷೆ. ಬೋರ್ಡು ಸಿಕ್ಕವರಿಗೆ 'ಟ್ರೀಟ್‌ಮೆಂಟ್', ಸಿಗದವರಿಗೆ 'ಕಂಟ್ರೋಲ್' ಅಂತ ಅವರ ಶಾಸ್ತ್ರದಲ್ಲಿ ಹೆಸರು. ಅಕ್ಕ ಟ್ರೀಟ್‌ಮೆಂಟ್, ಅಣ್ಣ ಕಂಟ್ರೋಲ್. ನಮ್ಮಿಂದ ಕೇಳಿ ಕೇಳಿ ಅವರಿಬ್ಬರ ಬಾಯಲ್ಲೂ ಅದೇ ಮಾತು.

ಅಕ್ಕನ ಮಗಳಿಗೆ ಗಂಡು ಗೊತ್ತಾಗುವುದರಲ್ಲಿತ್ತು. ಹುಡುಗ ಹುಡುಗಿ ಇಬ್ಬರೂ ಒಪ್ಪಿದ್ದರು. ಹುಡುಗಿಯಂತೂ ನಿದ್ದೆಯಲ್ಲೂ ನಗುತ್ತಿದ್ದಳಂತೆ. ಗಂಡಿನ ಕಡೆಯವರು ಪದ್ಧತಿ ಪ್ರಕಾರ ಎದುರಂಗಡಿಯಲ್ಲಿ ಟೀ ಕುಡಿಯುತ್ತಾ, ಮನೆತನ ಹೇಗೆ ಅಂತ ವಿಚಾರಿಸಿದರು. ಅಣ್ಣ ಒಳ್ಳೆಯವನೇ, ಪಾಪ. "ಚಿನ್ನದಂಥ ಜನ. ಅಕ್ಕ ಮಾತ್ರ ಆರೇಳು ತಿಂಗಳಿಂದ ಟ್ರೀಟ್‌ಮೆಂಟ್‌ನಲ್ಲಿದ್ದಾರೆ. ನಾನಿನ್ನೂ ಕಂಟ್ರೋಲ್‌ನಲ್ಲಿದ್ದೀನಿ" ಅಂದ. ಅವರು ಟೀ ಅರ್ಧಕ್ಕೇ ಬಿಟ್ಟು ಬಸ್ಸು ಹತ್ತಿದರು.

ಅಕ್ಕ ನನಗೆ ಫೋನ್ ಮಾಡಿ ಅತ್ತರು, ಬೈದರು, ಮತ್ತೆ ಅತ್ತರು. "ನಿಮ್ಮ ಬೋರ್ಡಿಗೆ ಬೆಂಕಿ ಹಾಕ! ನನ್ನ ಮಗಳು ಊಟ ಬಿಟ್ಟಿದ್ದಾಳೆ." ಪ್ರೊಫೆಸರರನ್ನು ಎಳೆದುಕೊಂಡು, ಅಕ್ಕನನ್ನೂ ಕರೆದುಕೊಂಡು ಗಂಡಿನ ಮನೆಗೆ ಹೋದೆ. ಪಿಎಚ್.ಡಿ. ಮಾಡಿದವರಲ್ಲವೇ, ಮರ್ಯಾದೆಗೆ "ಇವರು ಡಾಕ್ಟರು" ಅಂತ ಪರಿಚಯಿಸಿದೆ. ಎಡವಟ್ಟಾಗಿದ್ದು ಅಲ್ಲೇ.

"ಡಾಕ್ಟ್ರೇ, ನಿಜ ಹೇಳಿ" ಅಂದರು ಹುಡುಗನ ತಾಯಿ. "ಟ್ರೀಟ್‌ಮೆಂಟ್‌ನಿಂದ ಏನಾದರೂ ಗುಣ ಕಂಡಿದೆಯಾ?"

ಪ್ರೊಫೆಸರರು ಸುಳ್ಳು ಹೇಳೋ ಜನವೇ ಅಲ್ಲ. ತಮ್ಮ ಬಾಲ ಹಚ್ಚಿದ ತಮಿಳಿನಲ್ಲೇ ಹೇಳಿದರು, "ಇಲ್ಲಮ್ಮಾ. ಬೇರೆ ದೇಶಗಳಲ್ಲೂ ಇದನ್ನೇ ಮಾಡಿ ನೋಡಿದ್ದೀನಿ, ಅಲ್ಲೂ ಯಾರಿಗೂ ಪ್ರಯೋಜನ ಆಗಲಿಲ್ಲ."

ಆಕೆ ಎದೆ ಮೇಲೆ ಕೈಯಿಟ್ಟುಕೊಂಡರು. "ಕಾಯಿಲೆ ಅಲ್ಲಮ್ಮಾ, ಬೋರ್ಡು, ಬೋರ್ಡು!" ಅಂತ ನಾನು ಕೂಗಿದೆ. "ಡಾಕ್ಟರುಗಳ ಬೋರ್ಡು ಕೂರೋವರೆಗೂ ಹೋಯ್ತಾ?" ಅಂತ ಅವರು ಇನ್ನೂ ಜೋರಾಗಿ ಕೂಗಿದರು.

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದರು. "ಸಾರ್, ನನ್ನನ್ನ ಈಗಿಂದೀಗಲೇ ಕಂಟ್ರೋಲ್‌ಗೆ ಹಾಕಿ!"

"ಮಧ್ಯದಲ್ಲಿ ಬದಲಾಯಿಸಿದರೆ ನನ್ನ ಸಂಶೋಧನೆ ಹಾಳಾಗುತ್ತಮ್ಮಾ!"

ನಾನು ಕನ್ನಡದಲ್ಲಿ ಪಿಸುಗುಟ್ಟಿದೆ. "ಸಾರ್, ನಿಮ್ಮ ಸಂಶೋಧನೆಗೆ ಇನ್ನೊಂದು ಅಂಗಡಿ ಸಿಗುತ್ತೆ. ಆ ಹುಡುಗಿಗೆ ಈ ಹುಡುಗನೇ ಬೇಕು."

ಪ್ರೊಫೆಸರರು ಕನ್ನಡಕ ತೆಗೆದು ಒರೆಸಿಕೊಂಡು ನಿಟ್ಟುಸಿರು ಬಿಟ್ಟರು. "ಸರಿ. ಇವತ್ತಿನಿಂದ ಟ್ರೀಟ್‌ಮೆಂಟ್ ಬಂದ್. ಇವರು ಪೂರ್ತಿ ಕಂಟ್ರೋಲ್."

"ಕಂಟ್ರೋಲಿಗೆ ಬಂದೇಬಿಡ್ತಾ!" ಹುಡುಗನ ತಾಯಿಯ ಮುಖ ಅರಳಿತು. ನಿಶ್ಚಿತಾರ್ಥಕ್ಕೆ ದಿನ ನೋಡಿ ಅಂತ ಗಂಡನಿಗೆ ಹೇಳಿದರು. ಅಕ್ಕ ನನ್ನ ಕೈ ಹಿಡಿದು ಅಳುತ್ತಲೇ ನಕ್ಕರು.

ನಾವಿನ್ನು ಹೊರಡಬೇಕು, ಅಷ್ಟರಲ್ಲಿ ಹುಡುಗನ ತಾಯಿ ಕುರ್ಚಿ ಎಳೆದುಕೊಂಡು ಪ್ರೊಫೆಸರರ ಎದುರು ಕೂತು ಕಾಲು ಚಾಚಿದರು.

"ಡಾಕ್ಟ್ರೇ, ನನ್ನ ಮಂಡಿ ನೋವಿಗೂ ಏನಾದರೂ ಮಾಡಿ. ಟ್ರೀಟ್‌ಮೆಂಟ್ ಬೇಡ, ನೇರವಾಗಿ ಕಂಟ್ರೋಲೇ ಕೊಟ್ಟುಬಿಡಿ."