ನೂರೈವತ್ತು ವ್ಯಾಟಿನ ಶಪಥ

ಇನ್ನೂರೈವತ್ತು ಎಂಬ ಸಂಖ್ಯೆ ಕಿವಿಗೆ ಬಿದ್ದಂದಿನಿಂದ ರಶ್ಮಿತಾಳಿಗೆ ಅನ್ನ ರುಚಿಸುತ್ತಿರಲಿಲ್ಲ. ಕಂಪ್ಯೂಟರಿಗೆ ಹೊಸ ಬೋರ್ಡು, ಎರಡನೆಯ ಹಾರ್ಡ್‌ಡಿಸ್ಕು, ಸಿ.ಡಿ. ಡ್ರೈವು ಹಾಕಿಸೋಣವೆಂದು ಹೊರಟರೆ, ಅಂಗಡಿಯ ಮಸ್ತಾನಸಾಬ್, "ಹಂಗಾರೆ ಪವರ್ ಸಪ್ಲೈ ಡಬ್ಬಿನೂ ಬದಲಾಯಿಸ್ಬೇಕು ಮೇಡಂ. ಇನ್ನೂರೈವತ್ತು ವ್ಯಾಟಿಂದು ಕೂಡಿಸಿ ಕೊಡ್ತೀನಿ" ಎಂದು ಎಷ್ಟು ಸಲೀಸಾಗಿ ಹೇಳಿಬಿಟ್ಟಿದ್ದ! ಅವನಿಗೇನು? ಅವನ ಅಂಗಡಿಯಲ್ಲಿ ಅವಳ ನಾಲ್ಕು ವರ್ಷದ ಮಗಳು ಅಂಕಿತಾ ಇರಲಿಲ್ಲ.

ಅಂಕಿತಾ ಎಂದರೆ ತೂತು ಕಂಡಲ್ಲಿ ಬೆರಳು. (ಟೇಪ್ ರೆಕಾರ್ಡರು, ನಲ್ಲಿ, ಮಲಗಿದ್ದ ಅಜ್ಜನ ಕಿವಿ, ಯಾವ ಭೇದವೂ ಇಲ್ಲ.) ಆ ಡಬ್ಬಿಗೋ ಹಿಂಭಾಗದ ತುಂಬ ತೂತುಗಳೇ.

ರಶ್ಮಿತಾ ತರ್ಕವಿಲ್ಲದೆ ಹೆದರುವವಳಲ್ಲ. ದಾವಣಗೆರೆಯಲ್ಲೇ ಹುಟ್ಟಿ, ಕಾನ್ವೆಂಟಿನಲ್ಲಿ ಓದಿ, ಬಿ.ಎಸ್ಸಿ. ಮಾಡಿದವಳು. ದೇವರ ಕೋಣೆಯ ಪುಟ್ಟ ಬಲ್ಬು ಹದಿನೈದು ವ್ಯಾಟು. ಮುಟ್ಟಿದರೆ ಬೆಚ್ಚಗಿರುತ್ತದೆ, ಅಷ್ಟೆ. ನಡುಮನೆಯದು ನೂರು, ಮುಟ್ಟಿದರೆ ಬೊಬ್ಬೆ. ಹಾಗಾದರೆ ಇನ್ನೂರೈವತ್ತು ಮುಟ್ಟಿದರೆ?

"ಅಡುಗೆಮನೆ ಮಿಕ್ಸಿ ಐನೂರು ವ್ಯಾಟು ಕಣೇ" ಎಂದ ಗಂಡ ನಾಗಭೂಷಣ್, ಹರಿಹರದ ಬ್ಯಾಂಕಿಗೆ ಹೊರಡುವ ಅವಸರದಲ್ಲಿ ಕಾಲುಚೀಲ ಹುಡುಕುತ್ತ.

"ಮಿಕ್ಸಿ ಕಟ್ಟೆ ಮೇಲಿದೆ. ಇದು ನೆಲದ ಮೇಲಿರುತ್ತೆ. ಸುಮ್ಮನೆ ಬಸ್ ಹತ್ತಿ ಹೋಗ್ರಿ."

ನಾಗಭೂಷಣ್ ಒಂದೇ ಕಾಲಿಗೆ ಕಾಲುಚೀಲ ಹಾಕಿಕೊಂಡು ಬಸ್ ಹತ್ತಿ ಹೋದ.

ಅವಳು ಹಾಳೆ ತೆಗೆದುಕೊಂಡು ಲೆಕ್ಕಕ್ಕೆ ಕುಳಿತಳು. ಬೋರ್ಡಿಗೆ ಇಷ್ಟು, ಡಿಸ್ಕಿಗೆ ಇಷ್ಟು, ಡ್ರೈವಿಗೆ ಇಷ್ಟು. ಒಟ್ಟು ನೂರ ಮೂವತ್ತೆಂಟು. ಅಂದಮೇಲೆ ಈಗಿರುವ ನೂರೈವತ್ತರ ಹಳೆಯ ಡಬ್ಬಿಯೇ ಧಾರಾಳವಾಯಿತು! ಹನ್ನೆರಡು ವ್ಯಾಟು ಉಳಿತಾಯ ಬೇರೆ. ಈ ಐತಿಹಾಸಿಕ ನಿರ್ಣಯವನ್ನು ಅವಳು ಹಾಳೆಯ ಕೆಳಗೆ ಎರಡು ಗೆರೆ ಎಳೆದು ಭದ್ರಪಡಿಸಿದಳು.

ಭಾನುವಾರ ಮಲೆಬೆನ್ನೂರಿನಿಂದ ಮಾವ ಬಕ್ಕೇಶಪ್ಪನವರು ಬಂದರು. ಹನ್ನೆರಡು ಎಕರೆ ಭತ್ತದ ಗದ್ದೆ, ಮೂರು ಪಂಪ್‌ಸೆಟ್ಟು, ನಲವತ್ತು ವರ್ಷದ ಅನುಭವ. ಚಹಾ ಬಸಿಗೆ ಬಗ್ಗಿಸಿಕೊಂಡು ಹಾಳೆಯನ್ನು ಓದಿದರು.

"ಎಲ್ಲಾ ಸರಿ ಐತೆ ನಮ್ಮವ್ವಾ. ಆದ್ರ ಇದು ಓಡೋವಾಗಿನ ಲೆಕ್ಕ. ಏಳೋವಾಗಿನ ಲೆಕ್ಕ ಎಲ್ಲೈತೆ?"

"ಏಳೋದು ಅಂದ್ರೆ?"

"ಮೋಟ್ರು ಓಡೋವಾಗ ತಿನ್ನೋದೇ ಬ್ಯಾರೆ, ಏಳೋವಾಗ ತಿನ್ನೋದೇ ಬ್ಯಾರೆ. ಮಲಗಿದ್ದ ಎಮ್ಮಿ ಏಳೋದು ನೋಡಿಯಿಲ್ಲೋ? ಏಳೋಕೆ ಎಷ್ಟು ತಿಣುಕ್ತೈತೆ, ಎದ್ದಮ್ಯಾಲೆ ಆರಾಮಾಗಿ ಹೋಗ್ತೈತೆ. ನಿನ್ನ ಡಿಸ್ಕು ತಿರುಗ್ತೈತಲ್ಲ, ಅದೂ ಮೋಟ್ರೇ."

"ಮಾವಾರೆ, ದೊಡ್ಡ ಡಬ್ಬಿ ತಂದ್ರೆ ಅಷ್ಟೂ ಕರೆಂಟು ಒಳಗೆ ನುಗ್ಗಿಬಿಟ್ರೆ?"

"ಹತ್ತು ಸೇರಿನ ತಪ್ಪಲಿ ಒಲಿ ಮ್ಯಾಲೆ ಇಟ್ರೆ ಹತ್ತು ಸೇರೂ ಉಣ್ಣಬೇಕಂತ ಐತೇನು? ಎಷ್ಟು ಬೇಕೋ ಅಷ್ಟೇ ಎಳ್ಕಂತೈತೆ ಬಿಡು."

ರಶ್ಮಿತಾಳ ಬಿ.ಎಸ್ಸಿ. ಕೆರಳಿತು. "ಇದು ಪಂಪ್‌ಸೆಟ್ ಅಲ್ಲ ಮಾವಾರೆ, ಕಂಪ್ಯೂಟರ್! ಇದರ ವಿಷಯದಲ್ಲಿ ನಾನು ಯಾರನ್ನೂ ಕೇಳೋದಿಲ್ಲ. ಈ ಡಬ್ಬಿ ಬದಲಾಯಿಸೋದೂ ಇಲ್ಲ!"

ಬಕ್ಕೇಶಪ್ಪನವರು ಬೇಸರಿಸಲಿಲ್ಲ. ಅದೇ ದೊಡ್ಡ ಸಂಕಟ. ಟವೆಲ್ಲು ಹೆಗಲಿಗೆ ಹಾಕಿಕೊಂಡು, "ಆಗ್ಲವ್ವಾ. ಮೋಟ್ರು ಏಳ್ದಿದ್ರೆ ಒಂದು ಫೋನ್ ಮಾಡು" ಎಂದು ಬಸ್ಸಿಗೆ ಹೊರಟರು. ಆ ಒಂದು ಫೋನನ್ನು ಜನ್ಮದಲ್ಲಿ ಮಾಡುವುದಿಲ್ಲವೆಂದು ಅವಳು ಗೇಟಿನ ಚಿಲಕ ಹಾಕುತ್ತ ಶಪಥ ಮಾಡಿದಳು.

ಸೋಮವಾರ ಮಸ್ತಾನಸಾಬ್ ಬಂದು, ತಲೆ ಅಲ್ಲಾಡಿಸುತ್ತಲೇ ಹೊಸ ಸಾಮಾನುಗಳನ್ನು ಹಳೆಯ ಡಬ್ಬಿಗೆ ಜೋಡಿಸಿ, "ಜವಾಬ್ದಾರಿ ನಂದಲ್ಲ ಮೇಡಂ" ಎಂದು ಹೇಳಿ ಹೋದ. ಸಂಜೆ ಅವಳು ಸ್ವಿಚ್ಚು ಒತ್ತಿದಳು. ಫ್ಯಾನು ತಿರುಗಿತು, ಹಸಿರು ದೀಪ ಹತ್ತಿತು, ಡಿಸ್ಕು ಗುರ್ರೆಂದು ಎದ್ದಿತು... ಟಪ್. ಎಲ್ಲವೂ ಆರಿತು. ತಾನಾಗಿ ಮತ್ತೆ ಹತ್ತಿತು. ಗುರ್ರ್... ಟಪ್.

"ಅಜ್ಜ ಹೇಳಿದ್ರಲ್ಲ, ಎಮ್ಮಿ" ಎಂದಳು ಅಂಕಿತಾ. ಕಂಪ್ಯೂಟರಿನ ಬೆನ್ನು ತಟ್ಟಿ, "ಏಳು, ಏಳು, ಹೈ!" ಎಂದು ಹುರಿದುಂಬಿಸಿದಳು.

ತಮಾಷೆಯ ಹೊತ್ತಾಗಿರಲಿಲ್ಲ. ದೇವರಾಜ ಅರಸು ಬಡಾವಣೆಯ ಶಾಲೆಯ ಹೆಡ್‌ಮಿಸ್ಸು ಗುರುಶಾಂತಮ್ಮನವರು ಮೂರು ತರಗತಿಯ ಪ್ರಶ್ನೆಪತ್ರಿಕೆಗಳನ್ನು ಟೈಪು ಮಾಡಿಕೊಡಲು ಮೊದಲ ಸಲ ಅವಳಿಗೆ ಒಪ್ಪಿಸಿದ್ದರು. ಗುರುವಾರ ಬೆಳಗ್ಗೆ ಕೈಗೆ ಬಂದರೆ ವರ್ಷವಿಡೀ ಕೆಲಸ ಅವಳದು. ಇಲ್ಲದಿದ್ದರೆ ಮತ್ತೆ ಹಳೆಯ ಪ್ರೆಸ್ಸಿನದು. 'ಮನೇಲಿ ಕೂತು ಮಗು ನೋಡ್ಕೊಂಡೇ ದುಡೀತೀನಿ' ಎಂದು ಇಡೀ ನಿಜಲಿಂಗಪ್ಪ ಬಡಾವಣೆಗೆ ಸಾರಿದ್ದವಳು ಅವಳೇ.

ಮಂಗಳವಾರವಿಡೀ ಹೋರಾಡಿದಳು. ಸಿ.ಡಿ. ಡ್ರೈವಿನ ತಂತಿ ಬಿಡಿಸಿದಳು, ಟಪ್. ಟೇಬಲ್ ಫ್ಯಾನು ತಂದು ಗಾಳಿ ಬೀಸಿದಳು, ಟಪ್. ಊದುಬತ್ತಿ ಹಚ್ಚಿದಳು. (ಬಿ.ಎಸ್ಸಿ. ಆ ಹೊತ್ತಿನಲ್ಲಿ ಎಲ್ಲಿತ್ತೋ.) ಟಪ್.

ಬುಧವಾರ ಬೆಳಗ್ಗೆ ತಲೆ ಎತ್ತಿಕೊಂಡೇ ಅಂಗಡಿಗೆ ನಡೆದಳು.

"ಆ ಇನ್ನೂರೈವತ್ತರ ಡಬ್ಬಿ ಕೊಡ್ರಿ. ಸುಮ್ಮನೆ, ಪ್ರಯೋಗಕ್ಕೆ."

"ಖಾಲಿ ಮೇಡಂ. ಇರೋದು ಮುನ್ನೂರಿಂದು ಒಂದೇ. ಅದನ್ನ ಮಲೆಬೆನ್ನೂರಿನ ಯಜಮಾನ್ರು ಭಾನುವಾರ ಬಸ್ ಹತ್ತೋಕೂ ಮುಂಚೆ ಬಂದು ಎತ್ತಿಡ್ಸ್ಯಾರೆ. 'ನಮ್ಮ ಸೊಸಿ ಫೋನ್ ಮಾಡ್ತಾಳೆ, ಆಮ್ಯಾಲೆ ನಾ ಹೇಳ್ತೀನಿ, ಅಲ್ಲೀಗಂಟ ಯಾರಿಗೂ ಕೊಡಬ್ಯಾಡ' ಅಂದಾರೆ."

"ಆ ಸೊಸೆ ನಾನೇ!"

"ಗೊತ್ತು ಮೇಡಂ. ಅದಕ್ಕೇ ಕೊಡಂಗಿಲ್ಲ." ಮಸ್ತಾನಸಾಬ್ ಮೇಜಿನ ಮೇಲಿದ್ದ ಫೋನನ್ನು ಮೆಲ್ಲಗೆ ಅವಳತ್ತ ತಿರುಗಿಸಿದ.

ಆ ಕರಿ ಫೋನನ್ನು ಅವಳು ಪೂರ್ತಿ ಐದು ನಿಮಿಷ ದುರುಗುಟ್ಟಿ ನೋಡಿದಳು. ಕಣ್ಣ ಮುಂದೆ ಗುರುಶಾಂತಮ್ಮನವರ ಕನ್ನಡಕ ಹಾದುಹೋಯಿತು. ಅಂಕಿಗಳನ್ನು ಒಂದೊಂದಾಗಿ ತಿರುವಿದಳು. ಆ ಕಡೆ ಒಂದು ರಿಂಗೂ ಪೂರ್ತಿಯಾಗಲಿಲ್ಲ. ಎತ್ತಿದವರು ಅತ್ತೆ ಕಸ್ತೂರಮ್ಮ. "ಹಲೋ" ಎನ್ನುವ ಮೊದಲೇ, "ಏನ್ರೀ, ಬಂತು ನೋಡ್ರಿ ನಿಮ್ಮ ಫೋನು! ಮೂರು ದಿನದಿಂದ ಗದ್ದಿಗೆ ಹೋಗ್ದೆ ಕುಂತೀರಿ!" ಎಂದು ಕೂಗಿದ್ದು ಕೇಳಿಸಿತು.

"ಏನವ್ವಾ, ಮೋಟ್ರು ಏಳ್ಲಿಲ್ಲಾ?" ಬಕ್ಕೇಶಪ್ಪನವರ ದನಿ.

"ಎದ್ದೈತೆ ಮಾವಾರೆ!" (ಸಿಟ್ಟು ಬಂದಾಗ ರಶ್ಮಿತಾಳ ಕಾನ್ವೆಂಟು ಕಳಚಿಬೀಳುತ್ತಿತ್ತು.) "ಎದ್ದೇ ಏಳ್ತೈತೆ. ದಿನಾ ನೂರು ಸಲ ಏಳ್ತೈತೆ. ಬೀಳ್ತೈತೆ, ಅಷ್ಟೇ."

"ಹಂಗಾರೆ ಮಸ್ತಾನಗೆ ಏನ್ ಹೇಳ್ಲಿ?"

ಅವಳು ಸೆರಗು ಬಿಗಿಮಾಡಿಕೊಂಡಳು.

"ನೋಡ್ರಿ ಮಾವಾರೆ. ಇನ್ನೂರೈವತ್ತು ಸಾಲಲ್ಲ, ಮುನ್ನೂರೇ ಇರ್ಲಿ ಅಂತ ನಾನೇ ಲೆಕ್ಕ ಹಾಕಿ ತೀರ್ಮಾನ ಮಾಡೀನಿ. ಯಾರನ್ನೂ ಕೇಳಾಕತ್ತಿಲ್ಲ. ನೀವು ಬರೀ 'ಹೂಂ' ಅನ್ರಿ!"