ನಾನು ಆಗಬೋಟು ಹತ್ತಿದ್ದು

ಹಾನಗಲ್ಲಿನ ಪೇಟೆಯಲ್ಲಿ ನನ್ನದೊಂದು ಅರಿವೆ ಅಂಗಡಿ. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ತುಸು ಮುಂಚಿನ ಆ ದಿನಗಳಲ್ಲಿ ನಮ್ಮೂರಲ್ಲಿ ಸಮುದ್ರ ಕಂಡವರು ಕಡಿಮೆ. ಆಗಬೋಟು, ಅಂದರೆ ಉಗಿಹಡಗು, ಹತ್ತಿದವರು ಇನ್ನೂ ಕಡಿಮೆ. ನಾನೂ ಹತ್ತಿರಲಿಲ್ಲ. ಆದರೂ ಆಗಬೋಟಿನ ಪ್ರಯಾಣದ ಬಗ್ಗೆ ಇಡೀ ತಾಲೂಕಿಗೆ ಸಲಹೆ ಕೊಡುವ ಅಧಿಕಾರ ಹೇಗೋ ನನ್ನ ಕೈಗೆ ಬಂದಿತ್ತು.

ಬಂದದ್ದು ಹೀಗೆ. ಶಿಗ್ಗಾಂವಿಯ ಕಾಳಿನ ದಲಾಲಿ ಮಲ್ಲೇಶಪ್ಪನವರು ಒಮ್ಮೆ ಕುಮಟಾದಿಂದ ಮುಂಬಯಿಗೆ ಆಗಬೋಟಿನಲ್ಲಿ ಹೋಗಿಬಂದಿದ್ದರು. ಧೋತರ ಕೊಳ್ಳಲು ನನ್ನ ಅಂಗಡಿಗೆ ಬಂದಾಗ ಚಹಾ ಕುಡಿಯುತ್ತ ಒಂದಿಷ್ಟು ಹೇಳಿದರು. ಅವರು ಹೇಳಿದ್ದು ಚಹಾ ಮುಗಿಯುವ ತನಕ. ನಾನು ಅದಕ್ಕೆ ಕೈಕಾಲು ಹಚ್ಚಿ ಗಿರಾಕಿಗಳಿಗೆ ಹೇಳುತ್ತ ಬಂದದ್ದು ವರ್ಷಗಟ್ಟಲೆ. ಹೊಟ್ಟೆ ತುಂಬ ಉಂಡೇ ಹತ್ತಬೇಕು, ಯಾಕೆಂದರೆ ಭಾರವಾದ ಹೊಟ್ಟೆ ಅಲುಗಾಡುವುದಿಲ್ಲ. ಹತ್ತಿದ ಕೂಡಲೇ ಜಮಖಾನೆ ಹಾಸಿ ಜಾಗ ಹಿಡಿಯಬೇಕು. ಬಂದರಿನಲ್ಲಿ ನಿಂತ ಆಗಬೋಟು ಮೂರು ಸಲ ಭೋಂಗಾ ಊದದೆ ಹೊರಡುವುದೇ ಇಲ್ಲ, ಆದ್ದರಿಂದ ಎಲ್ಲಿ ಇಳಿದರೂ ಗಾಬರಿ ಬೇಡ. ಜನ ಅರಿವೆಯ ಜೊತೆಗೆ ಈ ಉಪದೇಶವನ್ನೂ ಕಟ್ಟಿಸಿಕೊಂಡು ಹೋಗುತ್ತಿದ್ದರು. ಅವರಲ್ಲಿ ಹೆಚ್ಚಿನವರು ಹಾವೇರಿಯನ್ನು ದಾಟಿ ಹೋಗುವವರಲ್ಲ. ಹಾಗಾಗಿ ನನ್ನ ಸಲಹೆಯಿಂದ ಅಲ್ಲಿಯವರೆಗೆ ಯಾರಿಗೂ ಕೇಡಾಗಿರಲಿಲ್ಲ.

ಅಷ್ಟರಲ್ಲಿ ಮುಂಬಯಿಯಲ್ಲಿದ್ದ ನನ್ನ ಅಕ್ಕ ಶಿವಗಂಗವ್ವನ ಮಗಳು ಗಿರಿಜೆಯ ಮದುವೆ ಗೊತ್ತಾಯಿತು. ಅಕ್ಕನಿಗೆ ನಾನೊಬ್ಬನೇ ತಮ್ಮ. ಮದುಮಗಳ ಕೈ ಹಿಡಿದು ಹಂದರಕ್ಕೆ ಕರೆತರಬೇಕಾದವನು ಸೋದರಮಾವ. ಬೀಗರು ದೊಡ್ಡ ಮನೆತನದವರೆಂದೂ, ಎಲ್ಲವೂ ಕ್ರಮದಂತೆ ಆಗಬೇಕೆಂದೂ, ನಾಲ್ಕು ದಿನ ಮುಂಚೆಯೇ ಬರಬೇಕೆಂದೂ, ಬರುವಾಗ ಸವಣೂರಿನ ವೀಳ್ಯದೆಲೆ ತರಬೇಕೆಂದೂ ಅಕ್ಕ ಹೇಳಿಕಳಿಸಿದಳು.

ಹಾವೇರಿಗೆ ಹೋಗಿ ರೈಲು ಹತ್ತುವುದು ಎಲ್ಲರ ದಾರಿ. ನನ್ನ ಹೆಂಡತಿ ನೀಲವ್ವನೂ ಅದನ್ನೇ ಹೇಳಿದಳು. ಆದರೆ ಆಗಬೋಟಿನ ವಿಷಯದಲ್ಲಿ ಇಷ್ಟು ಮಾತಾಡಿದ ಮನುಷ್ಯ ರೈಲಿನಲ್ಲಿ ಹೋದನೆಂದರೆ ಪೇಟೆಯಲ್ಲಿ ತಲೆ ಎತ್ತಿ ನಡೆಯುವುದು ಹೇಗೆ?

“ರೈಲು ಸೀದಾ ಹೋಗ್ತೈತಿ. ಸುಮ್ನ ಯಾಕ ನೀರಾಗ ಬೀಳೂದು?” ಎಂದಳು ನೀಲವ್ವ.

“ಬೀಳೂದಲ್ಲ ನೀಲಾ, ತೇಲೂದು. ನನಗ ಎಲ್ಲಾ ಗೊತ್ತೈತಿ. ನೀ ಬರೇ ನನ್ನ ಹಿಂದ ಬಾ.”

ಅವಳು ಹುಬ್ಬಳ್ಳಿಯನ್ನೂ ಕಂಡವಳಲ್ಲ. ನನ್ನ ಹಿಂದೆ ಬರುವುದನ್ನು ಬಿಟ್ಟು ಬೇರೆ ದಾರಿ ಅವಳಿಗಿರಲಿಲ್ಲ.

ಸವಣೂರಿನಿಂದ ಎಲೆ ತರಿಸಿ, ಒದ್ದೆ ಬಟ್ಟೆ ಸುತ್ತಿ ಬುಟ್ಟಿಗಳಲ್ಲಿ ಕಟ್ಟಿಸಿದೆ. ಮೋಟಾರು ಹತ್ತಿ ಶಿರಸಿಯ ಮೇಲೆ ಹಾಯ್ದು ಘಟ್ಟ ಇಳಿದು ಕುಮಟಾ ತಲುಪಿದೆವು. ಮರುದಿನ ಬೆಳಗ್ಗೆ ಆಗಬೋಟು. ಹೊರಡುವ ಮುಂಚೆ ನಾನು ನನ್ನದೇ ಶಾಸ್ತ್ರದ ಪ್ರಕಾರ ಊಟಕ್ಕೆ ಕುಳಿತೆ. ಮನೆಯಿಂದ ತಂದ ಜೋಳದ ರೊಟ್ಟಿ, ಎಣ್ಣೆಗಾಯಿ, ಮೇಲೆ ಶೇಂಗಾ ಹೋಳಿಗೆ, ಹೋಳಿಗೆಯ ಮೇಲೆ ಮತ್ತೆ ಹೋಳಿಗೆ. ನೀಲವ್ವ ಒಂದು ಹಿಡಿ ಅವಲಕ್ಕಿ ತಿಂದು ನೀರು ಕುಡಿದಳು. ಅವಳ ಅಜ್ಞಾನಕ್ಕೆ ನನಗೆ ಮರುಕವಾಯಿತು.

ಆಗಬೋಟು ದಂಡೆಗೆ ಬರುವುದಿಲ್ಲ, ದೂರದಲ್ಲೇ ನಿಲ್ಲುತ್ತದೆ, ದೋಣಿಯಲ್ಲಿ ಹೋಗಬೇಕು ಎಂಬುದನ್ನು ಮಲ್ಲೇಶಪ್ಪನವರು ಹೇಳಿದ್ದರೋ ಇಲ್ಲವೋ. ಚಹಾ ಮುಗಿದಿರಬೇಕು. ದೋಣಿಯೂ ದಂಡೆಗೆ ಪೂರ್ತಿ ಬರಲಿಲ್ಲ. ಮೊಣಕಾಲು ಮುಳುಗುವ ನೀರಿನಲ್ಲಿ ದೋಣಿಯವರು ನಮ್ಮನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋದರು. ಹಾನಗಲ್ಲಿನಲ್ಲಿ ಹತ್ತು ಜನ ನಮಸ್ಕಾರ ಮಾಡುವ ವ್ಯಾಪಾರಿಯಾದ ನಾನು ಕಾಲು ಇಳಿಬಿಟ್ಟುಕೊಂಡು, ಒಬ್ಬ ಬಡಕಲು ಮನುಷ್ಯನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸಮುದ್ರ ಪ್ರವೇಶ ಮಾಡಿದೆ. ನೀಲವ್ವ ಸೀರೆಯನ್ನು ತುಸು ಎತ್ತಿ ಹಿಡಿದು ತಾನೇ ನಡೆದು ದೋಣಿ ಹತ್ತಿದಳು.

ಮೇಲೆ ಹತ್ತಿದ ಕೂಡಲೇ ಜಾಗ ಹಿಡಿಯಲು ಓಡಿದೆ. ಜನರೆಲ್ಲ ಅಂಚಿನಲ್ಲಿ ಒತ್ತೊತ್ತಾಗಿ ಕುಳಿತಿದ್ದರು. ನಡುವೆ ಹೊಗೆಕೊಳವೆಯ ಪಕ್ಕದಲ್ಲಿ ವಿಶಾಲವಾದ ಜಾಗ ಖಾಲಿ ಇತ್ತು. ಅವರ ದಡ್ಡತನಕ್ಕೆ ನಕ್ಕು ಜಮಖಾನೆ ಹಾಸಿದೆ. ನನ್ನ ಧೈರ್ಯ ನೋಡಿ, ಹತ್ತಾರು ಸಲ ಹೋಗಿಬಂದವನಿರಬೇಕು ಎಂದುಕೊಂಡ ಹಿರೇಕೆರೂರಿನ ನಿವೃತ್ತ ಶಿರಸ್ತೇದಾರರೊಬ್ಬರು ಹೆಂಡತಿಯನ್ನು ಕರೆದುಕೊಂಡು ನಮ್ಮ ಪಕ್ಕದಲ್ಲೇ ಹಾಸಿಗೆ ಬಿಚ್ಚಿದರು. ಮುಂಬಯಿಯಲ್ಲಿರುವ ಮಗನ ಮನೆಗೆ ಹೊರಟಿದ್ದರಂತೆ. ನಾನು ಅವರಿಗೆ ಭಾರವಾದ ಹೊಟ್ಟೆಯ ತತ್ವವನ್ನು ತಿಳಿಸಿ, ಉಳಿದ ಹೋಳಿಗೆಯನ್ನು ಒತ್ತಾಯದಿಂದ ತಿನ್ನಿಸಿದೆ.

ಆಗಬೋಟು ಹೊರಟಿತು. ಮೊದಲು ಕೆಳಗಿನ ತಗಡು ಬೆಚ್ಚಗಾಯಿತು, ಆಮೇಲೆ ಬಿಸಿಯಾಯಿತು, ಆಮೇಲೆ ರೊಟ್ಟಿ ಸುಡಬಹುದಾದಷ್ಟು ಕಾಯಿತು. ಸುಟ್ಟ ಎಣ್ಣೆಯ ವಾಸನೆ ಮೇಲೆದ್ದಿತು. ಆ ಜಾಗ ಯಾಕೆ ಖಾಲಿ ಇತ್ತೆಂದು ತಿಳಿಯುವ ಹೊತ್ತಿಗೆ ಬೇರೆಲ್ಲೂ ಕಾಲಿಡಲು ಸ್ಥಳವಿರಲಿಲ್ಲ. ಅದು ಮಳೆಗಾಲ ಹತ್ತಿರವಾದ ವೈಶಾಖ; ಗಾಳಿ ಜೋರಾಗಿತ್ತು. ಆಗಬೋಟು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ವಾಲತೊಡಗಿತು. ನನ್ನ ಹೊಟ್ಟೆ ಅದಕ್ಕೆ ವಿರುದ್ಧ ದಿಕ್ಕಿನಲ್ಲಿ ವಾಲತೊಡಗಿತು.

ಮುಂದಿನ ವಿವರ ಊಟಕ್ಕೆ ಮುಂಚೆ ಓದುವವರಿಗೆ ಒಳ್ಳೆಯದಲ್ಲ. ಅಂಚಿನ ಕಂಬಿಯ ಕಟಾಂಜನಕ್ಕೆ ಜೋತುಬಿದ್ದ ನನ್ನ ಪಕ್ಕದಲ್ಲಿ ಶಿರಸ್ತೇದಾರರೂ ಜೋತುಬಿದ್ದಿದ್ದರು. ಉಸಿರು ಸಿಕ್ಕಾಗ ಅವರು ಕೇಳಿದರು: “ಭಾರಾದ ಹೊಟ್ಟಿ ಅಲುಗಾಡೂದಿಲ್ಲ ಅಂದಿದ್ರಲ್ರಿ?”

“ಈಗ ಭಾರ ಎಲ್ಲಿ ಉಳದೈತ್ರಿ?” ಎಂದೆ. ತರ್ಕದಲ್ಲಿ ತಪ್ಪಿರಲಿಲ್ಲ.

ನೀಲವ್ವನಿಗೆ ಏನೂ ಆಗಲಿಲ್ಲ. ನಮ್ಮಿಬ್ಬರಿಗೂ ನೀರು ಕೊಟ್ಟಳು, ನನ್ನ ಮುಖ ಒರೆಸಿದಳು, ಎಲೆಯ ಬುಟ್ಟಿಗಳಿಗೆ ನೀರು ಚಿಮುಕಿಸಿದಳು. ಬಿಡುವಾದಾಗಲೆಲ್ಲ ಅಂಚಿಗೆ ಹೋಗಿ ನಿಲ್ಲುತ್ತಿದ್ದಳು. ಗಾಳಿಗೆ ಸೆರಗು ಹಾರುತ್ತಿತ್ತು. ಇಪ್ಪತ್ತು ವರ್ಷ ಸಂಸಾರ ಮಾಡಿದರೂ ಅವಳ ಮುಖದಲ್ಲಿ ಅಂಥ ಬೆರಗನ್ನು ನಾನು ಕಂಡಿರಲಿಲ್ಲ. ಅದನ್ನು ಮೆಚ್ಚಿ ನೋಡುವ ಸ್ಥಿತಿಯಲ್ಲಿ ನಾನಿರಲಿಲ್ಲ ಅಷ್ಟೇ.

ಮರುದಿನ ಬೆಳಗ್ಗೆ ಆಗಬೋಟು ದಾರಿಯಲ್ಲಿನ ಮಾಲವಣ ಬಂದರಿನ ಎದುರು ನಿಂತಿತು. ಸರಕು ಇಳಿಸುತ್ತಿದ್ದರು. ದೂರದಲ್ಲಿ ದಂಡೆ ಕಾಣುತ್ತಿತ್ತು. ಅದು ಅಲುಗಾಡುತ್ತಿರಲಿಲ್ಲ. ಜಗತ್ತಿನಲ್ಲಿ ಅಷ್ಟು ಚಂದದ ವಸ್ತುವನ್ನು ನಾನು ಅದುವರೆಗೆ ನೋಡಿರಲಿಲ್ಲ. ಒಂದು ಗಳಿಗೆಯಾದರೂ ಅದರ ಮೇಲೆ ನಿಲ್ಲಬೇಕೆನಿಸಿತು. ಹಾಗೆಂದು ಹೇಳಲು ಮರ್ಯಾದೆ ಅಡ್ಡ ಬಂತು. ಆದ್ದರಿಂದ ನೀಲವ್ವನಿಗೆ ಲಿಂಬೆಹಣ್ಣು ತರುವುದಾಗಿ ಹೇಳಿದೆ.

“ನನಗ ಏನಾಗೇತ್ರಿ? ಲಿಂಬಿಹಣ್ಣು ಬ್ಯಾಡ. ಇಳೀಬ್ಯಾಡ್ರಿ, ಬಿಟ್ಟು ಹೋದ್ರ ಏನು ಮಾಡೂದು?”

“ಮೂರು ಭೋಂಗಾ ಆಗೂತನಕ ಹೋಗಂಗಿಲ್ಲ. ಎರಡನೇದು ಆಗೂದ್ರಾಗ ಬರ್ತೇನಿ.”

ತಲೆಗೆ ಭಾರವೆಂದು ರುಮಾಲು ತೆಗೆದು ಅವಳ ಕೈಯಲ್ಲಿಟ್ಟೆ. ಬರಿದಲೆಯಲ್ಲಿ, ಮೈಮೇಲಿನ ಅಂಗಿಯಲ್ಲಿ, ಸರಕಿನ ದೋಣಿ ಹತ್ತಿ ದಂಡೆಗೆ ಹೋದೆ.

ಮರಳ ಮೇಲೆ ಕಾಲಿಟ್ಟಾಗ ಅಳು ಬರುವಂತಾಯಿತು. ಅಲ್ಲೊಂದು ಮಗುಚಿ ಹಾಕಿದ ದೋಣಿ, ಅದರ ನೆರಳು. ಸ್ವಲ್ಪ ಕುಳಿತುಕೊಳ್ಳೋಣ ಎಂದು ಕುಳಿತೆ. ಸ್ವಲ್ಪ ಒರಗೋಣ ಎಂದು ಒರಗಿದೆ. ಭೂಮಿ ತಟಸ್ಥವಾಗಿತ್ತು, ಗಾಳಿ ತಂಪಾಗಿತ್ತು.

ಭೋಂಗಾ ಕೇಳಿ ಎಚ್ಚರವಾಯಿತು. ‘ಒಂದು’ ಎಂದು ಎಣಿಸಿಕೊಂಡೆ. ಇನ್ನೆರಡು ಬಾಕಿ ಇವೆ. ಮೈ ಮುರಿದು, ಮರಳು ಕೊಡವಿ, ಲಿಂಬೆಹಣ್ಣು ಮಾರುವ ಮುದುಕಿಯ ಹತ್ತಿರ ಹೋದೆ. ನನಗೆ ಬರುವ ಹರುಕು ಮರಾಠಿಯಲ್ಲಿ ಚೌಕಾಶಿ ಮಾಡಿದೆ. ಸಣ್ಣವನ್ನು ತೆಗೆಸಿ ದೊಡ್ಡವನ್ನು ಹಾಕಿಸಿದೆ. ಎರಡನೆಯ ಭೋಂಗಾ ಬರಲಿಲ್ಲ. ತಿರುಗಿ ನೋಡಿದೆ. ಆಗಬೋಟು ನನಗೆ ಬೆನ್ನು ಹಾಕಿ ಹೊಗೆ ಬಿಡುತ್ತ ಹೊರಟಿತ್ತು!

ನಾನು ನಿದ್ದೆಯಲ್ಲಿದ್ದಾಗಲೇ ಎರಡು ಆಗಿಹೋಗಿದ್ದವು ಎಂದು ಮುದುಕಿ ಹೇಳಿದಳು. ನನ್ನ ಎಣಿಕೆಯಲ್ಲಿ ತಪ್ಪಿರಲಿಲ್ಲ. ಎಣಿಸಲು ಶುರುಮಾಡಿದ್ದು ತಡವಾಗಿತ್ತು.

ನೀರಿನವರೆಗೆ ಓಡಿ ಎರಡೂ ಕೈಯಲ್ಲಿ ಲಿಂಬೆಹಣ್ಣು ಹಿಡಿದು ಬೀಸಿದೆ. ಕಟಾಂಜನದ ಹತ್ತಿರ ಒಂದು ಹಸಿರು ಸೀರೆ ಕಂಡಿತು. ಅದು ಅಲುಗದೆ ನಿಂತಿತ್ತು. ಚಿಕ್ಕದಾಗುತ್ತ ಆಗುತ್ತ ಒಂದು ಚುಕ್ಕೆಯಾಯಿತು, ಆಮೇಲೆ ಅದೂ ಇಲ್ಲ. ಆಗ ನನ್ನ ಎದೆ ನಿಜವಾಗಿಯೂ ಕುಸಿಯಿತು. ಹಾನಗಲ್ಲಿನ ಸಂತೆಗೂ ಒಬ್ಬಳೇ ಹೋಗದ ಹೆಣ್ಣು. ಮುಂಬಯಿಯಲ್ಲಿ ಆಗಬೋಟು ನಿಲ್ಲುವ ಧಕ್ಕೆಯ ಮೇಲೆ, ಅಷ್ಟು ಜನರ ನಡುವೆ, ಬುಟ್ಟಿ ಗಂಟುಗಳ ಜೊತೆ ಏನು ಮಾಡಿಯಾಳು? ನನ್ನ ಹಿಂದೆ ಬಾ ಎಂದು ಕರೆತಂದವನು ನಾನೇ. ಈಗ ಹಿಂದೆ ಉಳಿದವನೂ ನಾನೇ.

ಅಲ್ಲಿದ್ದ ದೋಣಿಯವರು ಒಳ್ಳೆಯವರು. ನಾಳೆ ಇದೇ ಹೊತ್ತಿಗೆ ಇನ್ನೊಂದು ಆಗಬೋಟು ಬರುತ್ತದೆ, ಅದನ್ನು ಹತ್ತಿದರೆ ಮದುವೆಗೆ ಮುಂಚೆ ನಿಶ್ಚಿಂತೆಯಿಂದ ಮುಟ್ಟುತ್ತೀರಿ ಎಂದು ಸಮಾಧಾನ ಹೇಳಿದರು. ಆದರೆ ಆಗಬೋಟು ಎಂಬ ಶಬ್ದ ಕಿವಿಗೆ ಬಿದ್ದ ಕೂಡಲೇ ನನ್ನ ಹೊಟ್ಟೆ ಮತ್ತೆ ವಾಲಿತು. ಮೋಟಾರಿನಲ್ಲಿ ಕೊಲ್ಹಾಪುರಕ್ಕೆ ಹೋಗಿ ರೈಲು ಹಿಡಿದರೆ ಬೇಗ ಆಗುತ್ತದೆಂದು ಅವರಿಗೇ ತಿಳಿಹೇಳಿದೆ. ಆ ದಾರಿಯನ್ನೂ ನಾನು ಕಂಡಿರಲಿಲ್ಲ. ಆದರೆ ಕಾಣದ ದಾರಿಯ ವಿಷಯದಲ್ಲಿ ಸಲಹೆ ಕೊಡುವುದು ನನಗೆ ರೂಢಿಯಾಗಿತ್ತಲ್ಲ.

ಮೋಟಾರು ಘಟ್ಟದ ಅರ್ಧದಲ್ಲಿ ನಿಂತಿತು. ಅದರ ಯಾವುದೋ ಭಾಗ ಮುರಿದಿತ್ತಂತೆ. ಅದು ಕೊಲ್ಹಾಪುರದಿಂದ ಬರಬೇಕಂತೆ. ಬಂದಾಗ ಅದು ಬೇರೆ ಮೋಟಾರಿನ ಭಾಗವೆಂದು ತಿಳಿಯಿತು. ಮತ್ತೆ ಕಳಿಸಿದರು. ನಾನು ಕಲ್ಲಿನ ಮೇಲೆ ಕುಳಿತು ಲಿಂಬೆಹಣ್ಣು ಚೀಪುತ್ತ ಗಿರಿಜೆಯ ಮದುವೆಯ ಮುಹೂರ್ತ ಹತ್ತಿರ ಬರುವುದನ್ನು ಮನಸ್ಸಿನಲ್ಲೇ ನೋಡಿದೆ. ಕೊಲ್ಹಾಪುರದಲ್ಲಿ ರೈಲು ನನ್ನ ಕಣ್ಣೆದುರಿಗೇ ಹೋಯಿತು. ಗಡ್ಡ ಬೆಳೆಸಿಕೊಂಡು, ಮಾಸಿದ ಅಂಗಿಯಲ್ಲಿ, ಬರಿದಲೆಯಲ್ಲಿ ಮುಂಬಯಿ ಮುಟ್ಟಿ ಗಿರಗಾಂವದ ಅಕ್ಕನ ಮನೆಯ ಮೆಟ್ಟಿಲು ಹತ್ತುವಾಗ ಆಳುಗಳು ಹಂದರದ ಗಳ ಬಿಚ್ಚುತ್ತಿದ್ದರು. ಅವರಲ್ಲೊಬ್ಬ ನನ್ನನ್ನು ನೋಡಿ, ಊಟದ ಪಂಕ್ತಿ ನಿನ್ನೆಯೇ ಮುಗಿಯಿತೆಂದು ಕನಿಕರದಿಂದ ಹೇಳಿದ.

ಬಾಗಿಲಲ್ಲಿ ನೀಲವ್ವ ನಿಂತಿದ್ದಳು. ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು, ಎಲ್ಲ ಅವಯವಗಳೂ ಇವೆಯೆಂದು ಖಾತ್ರಿ ಮಾಡಿಕೊಳ್ಳುವವಳಂತೆ. ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ಕೊಟ್ಟಳು.

“ಎಲ್ಲಿ ನೀರು ಕಂಡ್ರೂ ಅದ್ರಾಗ ನಿಮ್ಮ ಮಾರೀನ ಕಾಣಾಕತ್ತಿತ್ತು,” ಎಂದಳು. ಅಷ್ಟು ಹೇಳಿ ಬೇರೆ ಕಡೆ ತಿರುಗಿದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಉಳಿದದ್ದನ್ನು ಅಕ್ಕ ಹೇಳಿದಳು. ನೀಲವ್ವ ಆಗಬೋಟಿನಿಂದ ತಾನು ಇಳಿದದ್ದಲ್ಲದೆ, ನಡೆಯಲಾರದೆ ಕುಳಿತಿದ್ದ ಶಿರಸ್ತೇದಾರರನ್ನೂ ಅವರ ಹೆಂಡತಿಯನ್ನೂ ಇಳಿಸಿದ್ದಳು. ನಮ್ಮೂರಿಗೆ ಬರುವ ಮರಾಠಿ ಬಳೆಗಾರರ ಜೊತೆ ಮಾತಾಡಿ ಕಲಿತ ಭಾಷೆಯಲ್ಲಿ ಕುದುರೆಗಾಡಿ ಗೊತ್ತುಮಾಡಿ, ಅವರನ್ನು ಮಗನ ಮನೆಗೆ ಮುಟ್ಟಿಸಿ, ದಾರಿ ಕೇಳುತ್ತ ಇಲ್ಲಿಗೆ ಬಂದಿದ್ದಳು. ಎಲೆಗಳು ಒಂದೂ ಬಾಡಿರಲಿಲ್ಲ.

ಮುಹೂರ್ತಕ್ಕೆ ಸೋದರಮಾವ ಎಲ್ಲಿ ಎಂದು ಬೀಗರ ಕಡೆಯ ಹಿರಿಯರು ಕೇಳಿದರಂತೆ. ಅಕ್ಕ ಬಾಗಿಲ ಕಡೆ ನೋಡಿದಳಂತೆ. ಆಗ ನೀಲವ್ವ ಒಂದು ತಾಟಿನಲ್ಲಿ ನನ್ನ ರುಮಾಲು ಇಟ್ಟು, ಅದಕ್ಕೆ ವಿಭೂತಿ ಹಚ್ಚಿ, ಒಂದು ಕೈಯಲ್ಲಿ ತಾಟು, ಇನ್ನೊಂದು ಕೈಯಲ್ಲಿ ಗಿರಿಜೆಯ ಕೈ ಹಿಡಿದು ಹಂದರಕ್ಕೆ ಕರೆತಂದಳಂತೆ. “ಅವರು ದಾರ್ಯಾಗ ಅದಾರ. ಅವರ ಮಾನ ಮುಂದ ಬಂದೈತಿ,” ಎಂದಳಂತೆ. ಹಿರಿಯರು ತಲೆದೂಗಿ ಅಕ್ಕಿಕಾಳು ಹಾಕಿದರಂತೆ.

“ಖರೇ ಹೇಳ್ತೇನಿ ತಮ್ಮಾ,” ಎಂದಳು ಅಕ್ಕ, “ನಿನ್ನಕಿಂತ ನಿನ್ನ ರುಮಾಲ ಗಂಭೀರ ಇತ್ತು.”

ಮರುದಿನ ಗಿರಿಜೆ ಗಂಡನ ಜೊತೆ ಬಂದು ನನಗೆ ನಮಸ್ಕಾರ ಮಾಡಿದಳು. ನಾನು ರುಮಾಲು ಸುತ್ತಿಕೊಂಡು ಕುಳಿತಿದ್ದೆ. ಅವಳ ಕಣ್ಣು ನನ್ನ ತಲೆಯ ಮೇಲೆಯೇ ಇತ್ತು. ನಮಸ್ಕಾರ ಯಾರಿಗೆ ಸಂದಿತೋ ನಾನು ಕೇಳಲಿಲ್ಲ.

ಹೊರಡುವ ದಿನ ಬಂತು. ರೈಲಿನಲ್ಲಿ ಹೋಗೋಣ ಎಂದು ನಾನು ಮೆಲ್ಲಗೆ ಅಂದೆ. ನೀಲವ್ವ ಗಂಟು ಕಟ್ಟುತ್ತಲೇ ಹೇಳಿದಳು:

“ನೀವು ರೈಲಿನಾಗ ಹೋಗ್ರಿ. ಶಿರಸ್ತೇದಾರ್ರ ಮನಿಯವರು ಮಗನ ಜೋಡಿ ಊರಿಗೆ ಆಗಬೋಟಿನಾಗ ಹೊಂಟಾರ, ನನ್ನ ಬಾ ಅಂದಾರ. ಅಷ್ಟು ದೊಡ್ಡ ನೀರು ಮತ್ತ ಯಾವಾಗ ನೋಡ್ತೇನಿ ಏನೋ. ಹಾವೇರಿಗೆ ಇಳಿದು ಮನಿಗೆ ಹೋಗ್ರಿ. ನಾ ಬರೂತನಕ ಆಕಳಿಗೆ ಮೇವು ಹಾಕ್ರಿ.”

ಬೇಡ ಎನ್ನುವ ಯೋಗ್ಯತೆ ನನ್ನಲ್ಲಿ ಉಳಿದಿರಲಿಲ್ಲ. ಧಕ್ಕೆಯವರೆಗೆ ಹೋಗಿ ಅವಳನ್ನು ಹತ್ತಿಸಿ, ಸ್ಟೇಶನ್ನಿಗೆ ಬಂದು ರೈಲು ಹತ್ತಿದೆ.

ಪುಣೆ ದಾಟಿದ ಮೇಲೆ ಎದುರಿಗೆ ಕುಳಿತ ಧಾರವಾಡದ ಕಡೆಯ ಹಿರಿಯರೊಬ್ಬರು ಬುತ್ತಿ ಬಿಚ್ಚಿದರು. ನನಗೂ ಒಂದು ರೊಟ್ಟಿ ಕೊಟ್ಟು, ಒಬ್ಬರೇ ಬಂದಿರೇನು, ಮನೆಯವರು ಎಲ್ಲಿ ಎಂದು ವಿಚಾರಿಸಿದರು. ಆಗಬೋಟಿನಲ್ಲಿ ಕುಮಟಾಕ್ಕೆ ಹೊರಟಿದ್ದಾಳೆ ಎಂದೆ. ಅವರಿಗೆ ಆಶ್ಚರ್ಯವಾಯಿತು.

“ಹೆಣ್ಮಗಳು ಆಗಬೋಟಿನಾಗ, ನೀವು ರೈಲಿನಾಗ? ನಿಮಗ ಆಗಬೋಟಿಂದು ಗೊತ್ತಿಲ್ಲೇನು?”

“ಗೊತ್ತೈತ್ರಿ,” ಎಂದೆ, “ಇಳಿಯೂದಷ್ಟ.”