ಒಂದೇ ಮಧ್ಯಮಕ್ಕೆ ಎರಡು ಗುರುತು

ನನ್ನ ನೆನಪಿನ ಮೇಲೆ ನನಗೇ ವಿಶ್ವಾಸವಿಲ್ಲ. ನಮ್ಮ ಮದುವೆಯ ದಿನ ಸುರಿದ ಮಳೆಯನ್ನು ಇಪ್ಪತ್ತು ವರ್ಷ ಎಲ್ಲರಿಗೂ ವರ್ಣಿಸಿದ್ದೇನೆ. ಧಾರವಾಡದವಳಾದ ನನ್ನ ಹೆಂಡತಿ ಸುಮತಿ, "ಆ ಮಳಿ ನಿಮ್ಮಣ್ಣನ ಮದುವ್ಯಾಗ ಬಂದಿದ್ದುರಿ" ಎನ್ನುತ್ತಾಳೆ. ಹಾಗಾಗಿ ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತೇನೆ. ಈ ಅಭ್ಯಾಸವೇ ನನ್ನ ಶಾಕುಹಾಚಿಗೆ ಮುಳುವಾಯಿತು.

ಶಾಕುಹಾಚಿ ಎಂದರೆ ಜಪಾನಿನ ಬಿದಿರು ಕೊಳಲು. ಐದೇ ತೂತು, ನೆಟ್ಟಗೆ ಹಿಡಿದು ಊದಬೇಕು. ಹ್ಯೂಸ್ಟನ್ನಿನ ತೈಲ ಕಂಪನಿಗಳ ಬೀಡಾದ ಎನರ್ಜಿ ಕಾರಿಡಾರಿನಲ್ಲಿ ದಿನವಿಡೀ ಪೈಪುಗಳ ಒತ್ತಡ ಲೆಕ್ಕ ಹಾಕುವ ನಾನು, ಇದೊಂದು ಪೈಪು ಯಾವ ಮಹಾ ಎಂದುಕೊಂಡು ಪಕ್ಕದೂರು ಸ್ಟಾಫರ್ಡಿನ ವಯಸ್ಸಾದ ಜಪಾನಿ ಮೇಷ್ಟ್ರೊಬ್ಬರ ಬಳಿ ಪಾಠಕ್ಕೆ ಸೇರಿದೆ. ಅವರು ಕೊಟ್ಟ ಸ್ವರಗಳ ಹಾಳೆಯ ತುಂಬ ಮೇಲಿಂದ ಕೆಳಗೆ ಜಪಾನಿ ಅಕ್ಷರ. ಚಿಕ್ಕಂದಿನಲ್ಲಿ ಮೈಸೂರಿನಲ್ಲಿ ಎರಡು ವರ್ಷ ಸಂಗೀತ ಕಲಿತ ಗರ್ವದಿಂದ ಪ್ರತಿಯೊಂದರ ಪಕ್ಕ ಕನ್ನಡದಲ್ಲಿ ಸರಿಗಮ ಬರೆದುಕೊಂಡೆ. 'ಚಿ' ಎಂಬ ಗುರುತಿಗೆ ತಲೆ ತಗ್ಗಿಸಿ ಊದಿದರೆ ಪ್ರತಿಮಧ್ಯಮ. 'ಉ' ಎಂಬುದಕ್ಕೆ ಬೆರಳಿಡುವ ರೀತಿ ಬೇರೆ, ಸ್ವರ ಮಾತ್ರ ಅದೇ. ಎರಡಕ್ಕೂ 'ಮ' ಎಂದು ಬರೆದು, ಸುಲಭದ ಬೆರಳಲ್ಲೇ ಮುಗಿಸುತ್ತಿದ್ದೆ.

"ಎರಡನ್ನೂ ಒಂದೇ ಥರ ನುಡಿಸ್ತೀಯಲ್ಲ?" ಎಂದರು ಮೇಷ್ಟ್ರು.

"ಎರಡೂ ಒಂದೇ ಸ್ವರ ಅಲ್ವಾ ಸೆನ್ಸೆ?" ಎಂದೆ. ಜಪಾನಿಯಲ್ಲಿ ಗುರುಗಳನ್ನು ಹಾಗೆ ಕರೆಯಬೇಕು.

"ನಿನ್ನ ಹೆಂಡತಿ ಹೌದು ಅಂದ್ರೂ, ಹೂಂ ಅಂದ್ರೂ ನಿಂಗೆ ಒಂದೇನಾ?"

ಸುಮತಿಯ ಹೂಂಗಳು ನೆನಪಾದವು. ಮುಂದಿನ ವಾರ ಚಿ, ಉ ಬೇರೆಬೇರೆಯಾಗಿ ಕೇಳಿಸದಿದ್ದರೆ ಆಸ್ಟಿನ್‌ನಲ್ಲಿ ನಡೆಯುವ ಶಿಷ್ಯರ ಕಚೇರಿಯಲ್ಲಿ ನನಗೆ ಜಾಗವಿಲ್ಲ ಎಂದುಬಿಟ್ಟರು. ನಾನೋ, ಡಲ್ಲಾಸ್ ಪಕ್ಕದ ಕ್ಯಾರಲ್ಟನ್‌ನಲ್ಲಿರುವ ಭಾವಮೈದುನನ ಸಂಸಾರವನ್ನೆಲ್ಲ ಆಗಲೇ ಕರೆದಾಗಿತ್ತು.

"ಅವರು ಮೂರು ತಾಸು ಡ್ರೈವ್ ಮಾಡಿ ಬರೋದು ನೀವು ಕುರ್ಚಿ ಎತ್ತಿಡೋದು ನೋಡ್ಲಿಕ್ಕೇನ್ರಿ?" ಎಂದಳು ಸುಮತಿ.

ರಬ್ಬರ್ ಹಿಡಿದು ನನ್ನ ಕನ್ನಡವನ್ನೆಲ್ಲ ಅಳಿಸಿದೆ. ಸದ್ದು ಹೊರಗೆ ಹೋಗದಂತೆ ವಾರವಿಡೀ ಬಟ್ಟೆಯ ಕಪಾಟಿನೊಳಗೆ ನಿಂತು ಊದಿದೆ. ಶನಿವಾರ ಮೇಷ್ಟ್ರು ನನಗೆ ಬೆನ್ನು ಮಾಡಿ ಕುಳಿತು, "ಎರಡರಲ್ಲಿ ಒಂದು ನುಡಿಸು. ಯಾವುದು ಅಂತ ನಾನು ಹೇಳ್ತೀನಿ" ಎಂದರು. ನಾನು ಚಿ ನುಡಿಸಿದೆ.

ಮೇಷ್ಟ್ರು, "ಉ!" ಎಂದರು. "ಇಷ್ಟು ಚೆಂದದ ಉ ಕೇಳಿ ಎಷ್ಟು ಕಾಲ ಆಯ್ತು! ಆಸ್ಟಿನ್‌ನಲ್ಲೂ ಇದೇ ಬರಲಿ."

"ಆಗಲಿ ಸೆನ್ಸೆ" ಎಂದೆ, ಎದುರಿಗಿದ್ದುದು ಅವರ ಬೆನ್ನಾದ್ದರಿಂದ ಧೈರ್ಯವಾಗಿ.

ಈಗ ದಿನಾ ಕಪಾಟಿನಲ್ಲಿ ನಿಂತು ಆ ಚಿಯನ್ನು ಅಷ್ಟೇ ತಪ್ಪಾಗಿ ನುಡಿಸಲು ಒದ್ದಾಡುತ್ತಿದ್ದೇನೆ. ನನ್ನ ಗ್ರಹಚಾರ, ಪ್ರತಿ ಸಲವೂ ಸರಿಯಾಗಿಯೇ ಬರುತ್ತಿದೆ.